ಕಿವಿಯೋ ಗ್ರಾಫೋ: 12×14 ಕೋಣೆಗೆ ಸ್ಪೀಕರ್, ಆಂಪ್ ಆರಿಸುವುದು ಹೇಗೆ?

ಕೇಳುಗ_ಹಾಸನ

ಕೋಣೆ 12 ಅಡಿ ಅಗಲ, 14 ಅಡಿ ಉದ್ದ, ತಾರಸಿ 10 ಅಡಿ ಎತ್ತರ. ವಿಟ್ರಿಫೈಡ್ ಟೈಲ್ಸ್ ನೆಲ, ಸಿಮೆಂಟ್ ಗಾರೆ ಮಾಡಿದ ಇಟ್ಟಿಗೆ ಗೋಡೆ, ಒಂದು ದೊಡ್ಡ ಕಿಟಕಿ. ಸೋಫಾ ಹಿಂದಿನ ಗೋಡೆಗೆ ಒರಗಿದೆ, ಸ್ಪೀಕರ್‌ನಿಂದ ಸುಮಾರು 3 ಮೀಟರ್. ಕೇಳುವುದು ಹೆಚ್ಚಾಗಿ ಕರ್ನಾಟಕ ಸಂಗೀತ ಕಛೇರಿ, ಹಳೆಯ ಚಿತ್ರಗೀತೆ, ಸ್ವಲ್ಪ ಜಾಝ್. ಸ್ಪೀಕರ್, ಆಂಪ್ (ಆಂಪ್ಲಿಫೈಯರ್) ಎರಡೂ ಸೇರಿ ಬಜೆಟ್ ಒಂದೂವರೆ ಲಕ್ಷ.

ಎರಡು ಬುಕ್‌ಶೆಲ್ಫ್ (ಸಣ್ಣ ಡಬ್ಬದ) ಸ್ಪೀಕರ್ ಜೋಡಿಗಳ ನಡುವೆ ಸಿಕ್ಕಿಕೊಂಡಿದ್ದೇನೆ. 'ಎ' ಜೋಡಿಯ ಸ್ಪಿನೋರಾಮಾ ಗ್ರಾಫ್ (ಎದುರು, ಪಕ್ಕ, ಎಲ್ಲ ದಿಕ್ಕಿನಿಂದಲೂ ಸ್ಪೀಕರ್ ಅಳೆದ ಗೆರೆಗಳು) ನುಣುಪಾಗಿದೆ, ಸೆನ್ಸಿಟಿವಿಟಿ (1 ವಾಟ್‌ಗೆ 1 ಮೀಟರ್ ದೂರದಲ್ಲಿ ಎಷ್ಟು ಜೋರು) 85 ಡಿಬಿ. 'ಬಿ' ಜೋಡಿ 88 ಡಿಬಿ. ನೇರ ಎದುರಿನ ಗೆರೆ ಚಪ್ಪಟೆಯಾಗಿದೆ, ಆದರೆ ಪಕ್ಕದಿಂದ ಅಳೆದ ಗೆರೆಗಳಲ್ಲಿ 3ರಿಂದ 5 ಕಿಲೋಹರ್ಟ್ಜ್ ನಡುವೆ ಉಬ್ಬು ಇದೆ. ಅಂಗಡಿಯಲ್ಲಿ ಕೇಳಿದಾಗ 'ಬಿ'ಯೇ ಜೀವಂತ ಅನ್ನಿಸಿತು. ಆಂಪ್ ವಿಷಯದಲ್ಲೂ ಇದೇ ಕಥೆ: ವಾಲ್ವ್ (ಗಾಜಿನ ಟ್ಯೂಬ್) ಆಂಪ್‌ನ ಅಳತೆ ಸಾಧಾರಣ, ಕೇಳಲು ಹಿತ, ಕ್ಲಾಸ್ ಡಿ (ಟ್ರಾನ್ಸಿಸ್ಟರ್ ಸ್ವಿಚ್‌ನಂತೆ ಕೆಲಸ ಮಾಡುವ) ಆಂಪ್‌ನ ಅಳತೆ ಅದ್ಭುತ. ಯಾವುದನ್ನು ನಂಬಲಿ?

ಗ್ರಾಫ್‌ಪೇಪರ್

ಮೊದಲು ಅಂಗಡಿಯ ಮಾತು. 85 ಮತ್ತು 88 ಡಿಬಿ ಸ್ಪೀಕರ್‌ಗಳನ್ನು ವಾಲ್ಯೂಮ್ ಮುಟ್ಟದೆ ಬದಲಿಸಿದರೆ ಎರಡನೆಯದು 3 ಡಿಬಿ ಜೋರಾಗಿ ನುಡಿಯುತ್ತದೆ. 3 ಡಿಬಿ ಗೊತ್ತಾಗಿಬಿಡಬಹುದು, ಅರ್ಧ ಡಿಬಿಯಷ್ಟು ವ್ಯತ್ಯಾಸ ಮಾತ್ರ ಜೋರು ಅಂತ ಕಿವಿಗೆ ಗೊತ್ತಾಗುವುದೇ ಇಲ್ಲ. ಅದು 'ಸ್ಪಷ್ಟ', 'ಜೀವಂತ', 'ವಿಶಾಲ' ಅಂತಲೇ ಕೇಳಿಸುತ್ತದೆ. ಮಟ್ಟ ಸರಿಹೊಂದಿಸದೆ ಮಾಡಿದ ಯಾವ ಹೋಲಿಕೆಗೂ ನಾನು ಬೆಲೆ ಕೊಡುವುದಿಲ್ಲ.

ಈಗ ಆ ಉಬ್ಬು. ಆರೂವರೆ ಇಂಚಿನ ವೂಫರ್‌ನ (ತಗ್ಗು, ನಡು ಸ್ವರ ನುಡಿಸುವ ಘಟಕ) ಕೋನ್ ನಿಜವಾಗಿ ಸುಮಾರು 13 ಸೆಂಮೀ ಅಗಲ ಇರುತ್ತದೆ. 2.5 ಕಿಲೋಹರ್ಟ್ಜ್ ಶಬ್ದದ ತರಂಗಾಂತರವೂ ಸುಮಾರು 13.7 ಸೆಂಮೀ. ಅಲ್ಲಿಗೆ ಬರುವ ಹೊತ್ತಿಗೆ ವೂಫರ್ ಶಬ್ದವನ್ನು ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಕಳಿಸುತ್ತಿರುತ್ತದೆ, ಪಕ್ಕಕ್ಕೆ ಕಡಿಮೆ. ಅದರ ಮೇಲೆ ಕ್ರಾಸ್‌ಓವರ್ (ವೂಫರ್ ಬಿಟ್ಟು ಟ್ವೀಟರ್ ಹಿಡಿಯುವ ಆವರ್ತನ) ದಾಟಿದ ಕೂಡಲೇ ಮೇಲಿನ ಸ್ವರಗಳ ಒಂದಿಂಚಿನ ಟ್ವೀಟರ್ ಶುರುವಾಗುತ್ತದೆ. ಚಪ್ಪಟೆ ಫಲಕದ ಮೇಲೆ ಕೂರಿಸಿದ್ದರೆ ಅದು ಎಲ್ಲ ದಿಕ್ಕಿಗೂ ಹರಡುತ್ತದೆ. ಹಾಗಾಗಿ ನೇರ ಎದುರು ಚಪ್ಪಟೆ ಗೆರೆ, ಪಕ್ಕದ ಗೋಡೆಗೆ ಬಡಿದು ಬರುವ ಶಬ್ದದಲ್ಲಿ 3–5 ಕಿಲೋಹರ್ಟ್ಜ್ ಹೆಚ್ಚು. 'ಬಿ'ಯಲ್ಲಿ ಆಗಿರುವುದು ಇದೇ. ಟ್ವೀಟರ್ ಸುತ್ತ ತಗ್ಗಾದ ವೇವ್‌ಗೈಡ್ (ಕಹಳೆ ಬಾಯಂಥ ಬಟ್ಟಲು) ಕೊಟ್ಟಿದ್ದರೆ ಹರಡುವಿಕೆ ವೂಫರ್‌ಗೆ ಹೊಂದಿಕೊಳ್ಳುತ್ತಿತ್ತು.

ಇದನ್ನು ಈಕ್ವಲೈಜರ್‌ನಿಂದ (ಆಯ್ದ ಆವರ್ತನದ ಮಟ್ಟ ಏರಿಳಿಸುವ ಸಾಧನ) ಸರಿಮಾಡಲು ಬರುವುದಿಲ್ಲ. ಉಬ್ಬು ತಗ್ಗಿಸಿದರೆ ನೇರ ಶಬ್ದದಲ್ಲಿ ತಗ್ಗು ಬೀಳುತ್ತದೆ. ಟೈಲ್ಸ್ ನೆಲ, ಬರಿ ಗೋಡೆ ಇರುವ ನಿಮ್ಮ ಕೋಣೆಯಲ್ಲಿ ಪ್ರತಿಫಲಿತ ಶಬ್ದವೇ ಹೆಚ್ಚು, ಹೀಗಾಗಿ ಅಲ್ಲಿ 'ಬಿ' ಅಂಗಡಿಗಿಂತ ಚುರುಕಾಗಿ ಚುಚ್ಚುತ್ತದೆ. ಪಿಟೀಲಿನ ಕಮಾನು ಸದ್ದು, ಮೃದಂಗದ ಚಾಪು ಎರಡೂ ಹತ್ತು ನಿಮಿಷ ಆಕರ್ಷಕ, ಎರಡು ಗಂಟೆಯ ಕಛೇರಿಗೆ ಆಯಾಸ.

ಗ್ರಾಫ್ ಮೇಲಿನ ನಂಬಿಕೆ ಎಲ್ಲಿಂದ ಬಂತು ಅಂದರೆ: ಫ್ಲಾಯ್ಡ್ ಟೂಲ್ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಮುಂದೆ ಶಾನ್ ಆಲಿವ್ ಜೊತೆ ಹರ್ಮನ್ ಕಂಪನಿಯಲ್ಲಿ, ಜನರನ್ನು ಪರದೆಯ ಈಚೆ ಕೂರಿಸಿ ಅಂಕ ಕೊಡಿಸಿದರು. 2004ರಲ್ಲಿ ಆಲಿವ್ ಪ್ರಕಟಿಸಿದ ಲೆಕ್ಕದಲ್ಲಿ 70 ಸ್ಪೀಕರ್‌ಗಳಿಗೆ ಜನ ಕೊಟ್ಟ ಅಂಕವೂ ಬರೀ ಅಳತೆಯಿಂದ ಊಹಿಸಿದ ಅಂಕವೂ 0.86ರ ಸಹಸಂಬಂಧದಲ್ಲಿ ಹೊಂದಿಕೊಂಡವು. ಅಂದರೆ ಆ ಗ್ರಾಫ್‌ನಲ್ಲಿ ಇರುವುದು ಕಿವಿಯ ತೀರ್ಪೇ.

ತಂಬೂರಿ ಶ್ರುತಿ

ಗ್ರಾಫ್‌ಪೇಪರ್ ಅವರೇ, 0.86 ಅನ್ನು ವರ್ಗ ಮಾಡಿ, ಸುಮಾರು 0.74 ಬರುತ್ತದೆ. ಅಂಕಗಳಲ್ಲಿನ ಏರಿಳಿತದ ಕಾಲು ಭಾಗಕ್ಕೆ ಆ ಸೂತ್ರದಲ್ಲಿ ಉತ್ತರವಿಲ್ಲ. ಆ ಸರಣಿಯ ಪ್ರಯೋಗಗಳನ್ನು ಮಾಡಿದ್ದು ಒಂದೊಂದೇ ಸ್ಪೀಕರ್ ಇಟ್ಟು ಮೋನೋದಲ್ಲಿ, ಹದ ಮಾಡಿದ ಕೋಣೆಯಲ್ಲಿ. ಎರಡು ಸ್ಪೀಕರ್ ಸೇರಿ ವೇದಿಕೆ ಕಟ್ಟುವ ಬಗೆ ಆ ಅಂಕದೊಳಗೆ ಇಲ್ಲ. ಆ ಸೂತ್ರವನ್ನು ನಾನು ತಳ್ಳಿಹಾಕುತ್ತಿಲ್ಲ, ಅದು ಹೇಳಿದ್ದಕ್ಕಿಂತ ಹೆಚ್ಚು ಅದರ ಬಾಯಲ್ಲಿ ಹೇಳಿಸಬಾರದು ಅನ್ನುತ್ತಿದ್ದೇನೆ.

ಅಳತೆಯೇ ದಾರಿ ತಪ್ಪಿದ ಕಾಲವೂ ಇದೆ. 1970ರ ದಶಕದಲ್ಲಿ ಆಂಪ್ ತಯಾರಕರು ಡಿಸ್ಟಾರ್ಷನ್ (ಸಿಗ್ನಲ್‌ನ ವಿಕಾರ) ಅಂಕಿಯನ್ನು ಶೇ 0.01ರಿಂದ ಇನ್ನೂ ಕೆಳಗೆ ಇಳಿಸುವ ಪೈಪೋಟಿಗೆ ಬಿದ್ದರು. ಎಷ್ಟೋ ಆಂಪ್‌ಗಳು ಕೇಳಲು ಒರಟಾಗಿದ್ದವು. 1970ರಲ್ಲೇ ಫಿನ್‌ಲೆಂಡಿನ ಮಟ್ಟಿ ಓಟಾಲ ಕಾರಣ ತೋರಿಸಿದ್ದರು: ನಿಧಾನವಾದ ಸರ್ಕ್ಯೂಟ್‌ಗೆ ಭಾರೀ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಪಾಲನ್ನು ಹಿಂದಕ್ಕೆ ತಂದು ತಪ್ಪು ತಿದ್ದುವ ವ್ಯವಸ್ಥೆ) ಸುತ್ತಿದರೆ ಥಟ್ಟನೆ ಏರುವ ಸಿಗ್ನಲ್‌ನಲ್ಲಿ ಒಳಗಿನ ಹಂತ ತುಂಬಿ ತುಳುಕುತ್ತದೆ. ಸ್ಥಿರವಾದ 1 ಕಿಲೋಹರ್ಟ್ಜ್ ನಾದ ಹಾಕಿ ಅಳೆದರೆ ಅದು ಕಾಣುವುದೇ ಇಲ್ಲ.

ಇನ್ನೂ ಹಿಂದೆ, 1950ರಲ್ಲಿ, ಬಿಬಿಸಿಯ ಡಿ.ಇ.ಎಲ್. ಶಾರ್ಟರ್ ಎಲ್ಲ ಹಾರ್ಮೋನಿಕ್‌ಗಳನ್ನೂ (ಮೂಲ ನಾದದ ಎರಡು, ಮೂರು ಪಟ್ಟು ಆವರ್ತನದಲ್ಲಿ ಸೇರಿಕೊಳ್ಳುವ ಸ್ವರಗಳು) ಒಂದೇ ತಕ್ಕಡಿಯಲ್ಲಿ ಹಾಕಬಾರದು ಅಂದಿದ್ದರು. ಕ್ರಮಸಂಖ್ಯೆಯ ವರ್ಗವನ್ನು ನಾಲ್ಕರಿಂದ ಭಾಗಿಸಿದಷ್ಟು ತೂಕ ಕೊಡಬೇಕೆಂಬುದು ಅವರ ಸಲಹೆ. ಎರಡನೆಯ ಹಾರ್ಮೋನಿಕ್‌ಗೆ ತೂಕ 1, ಏಳನೆಯದಕ್ಕೆ 12ಕ್ಕಿಂತ ಹೆಚ್ಚು. ಈಗ ಎಲ್ಲರೂ ಹಿಡಿದುಕೊಂಡಿರುವ ಸಿನಾಡ್ (ಸಿಗ್ನಲ್‌ಗೂ ಗದ್ದಲ-ಡಿಸ್ಟಾರ್ಷನ್‌ಗೂ ಇರುವ ಅನುಪಾತ) ಅಂಕಿಯಲ್ಲಿ ಗದ್ದಲ, ಎರಡನೆಯದು, ಏಳನೆಯದು ಎಲ್ಲ ಒಂದೇ ರಾಶಿ. ಒಂದೇ ಸಿನಾಡ್ ಇರುವ ಎರಡು ಆಂಪ್‌ಗಳಲ್ಲಿ ಒಂದರ ರಾಶಿ ಪೂರ್ತಿ ಎರಡನೆಯ ಹಾರ್ಮೋನಿಕ್ ಇರಬಹುದು, ಇನ್ನೊಂದರದು ಸಣ್ಣ ದನಿಯಲ್ಲಿ ಎದ್ದು ಬರುವ ಕ್ರಾಸ್‌ಓವರ್ ಡಿಸ್ಟಾರ್ಷನ್ (ಆಂಪ್‌ನ ಟ್ರಾನ್ಸಿಸ್ಟರ್‌ಗಳು ಕೈಬದಲಿಸುವಾಗಿನ ವಿಕಾರ, ಸ್ಪೀಕರ್‌ನ ಕ್ರಾಸ್‌ಓವರ್ ಬೇರೆ) ಇರಬಹುದು. ಆದ್ದರಿಂದ ಒಂದೇ ಅಂಕಿ ನೋಡಿ ಆಂಪ್ ಕೊಳ್ಳಬೇಡಿ. ಸ್ಪೆಕ್ಟ್ರಮ್ ಚಿತ್ರ ನೋಡಿ, ಅದೂ 50 ಮಿಲಿವಾಟ್‌ನಿಂದ 1 ವಾಟ್ ಮಟ್ಟದಲ್ಲಿ. ಮನೆಯಲ್ಲಿ ಕೇಳುವ ಹೊತ್ತಿನ ಬಹುಪಾಲು ಆಂಪ್ ಅಲ್ಲೇ ಇರುತ್ತದೆ.

ಸೋಲ್ಡರ್ ಕಡ್ಡಿ

ಶ್ರುತಿ ಮೇಡಂ ಹೇಳಿದ್ದು ಸರಿ, ಆದರೆ ಆ ಎರಡೂ ಕಥೆಯಲ್ಲಿ ಕೊನೆಗೆ ಕಾರಣ ಸಿಕ್ಕಿದ್ದು ಇನ್ನೊಂದು ಅಳತೆಯಿಂದಲೇ. ವಾಲ್ವ್ ಆಂಪ್ ಹಿತವಾಗಿ ಕೇಳುವುದಕ್ಕೂ ಹಾಗೇ ಒಂದು ಸಾದಾ ಕಾರಣ ಇರುತ್ತದೆ, ಬಹಳಷ್ಟು ಸಲ ಅದು ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ನ ಒಳಗಿನ ರೋಧ).

ಲೆಕ್ಕ ಹೀಗೆ. ನಿಮ್ಮ ಸ್ಪೀಕರ್‌ನ ಇಂಪೀಡೆನ್ಸ್ ಒಂದು ಕಡೆ 3 ಓಮ್‌ಗೆ ಇಳಿದು ಇನ್ನೊಂದು ಕಡೆ 30 ಓಮ್‌ಗೆ ಏರುತ್ತದೆ ಅನ್ನಿ, ಟೂ-ವೇ (ವೂಫರ್, ಟ್ವೀಟರ್ ಎರಡೇ ಇರುವ) ಡಬ್ಬದಲ್ಲಿ ಇದು ಸಾಮಾನ್ಯ. ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಇದ್ದರೆ 3 ಓಮ್ ಇರುವಲ್ಲಿ 4.4 ಡಿಬಿ ಕಳೆಯುತ್ತದೆ, 30 ಓಮ್ ಇರುವಲ್ಲಿ 0.6 ಡಿಬಿ. ಅಂದರೆ ಸ್ಪೀಕರ್ ಮೇಲೆ ಹೆಚ್ಚುಕಡಿಮೆ 4 ಡಿಬಿ ಏರಿಳಿತದ ಈಕ್ವಲೈಜರ್ ಕೂತ ಹಾಗೆ. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಅದೇ ಇಂಪೀಡೆನ್ಸ್ 0.05 ಓಮ್ ಇದ್ದರೆ ಏರಿಳಿತ 0.13 ಡಿಬಿ. ಮೊದಲನೆಯದು ಯಾರಿಗಾದರೂ ಕೇಳಿಸುತ್ತದೆ. ಬಾಸ್ ಸ್ವಲ್ಪ ತುಂಬಿ, ಕ್ರಾಸ್‌ಓವರ್ ಆಸುಪಾಸು ಇಂಪೀಡೆನ್ಸ್ ಏರುವಲ್ಲಿ ಗಾಯನ ಮುಂದೆ ಬಂದು 'ಬೆಚ್ಚಗೆ' ಅನ್ನಿಸುತ್ತದೆ. ಬೇರೆ ಸ್ಪೀಕರ್ ಜೋಡಿಸಿದರೆ ಆ ಬಣ್ಣವೂ ಬದಲಾಗುತ್ತದೆ. ವಾಲ್ವ್ ಆಂಪ್ ಬಗ್ಗೆ ಇಬ್ಬರು ಕೇಳುಗರು ಎರಡು ತೆರನಾಗಿ ಬರೆದಾಗ ಇಬ್ಬರೂ ಸತ್ಯವನ್ನೇ ಬರೆದಿರಲು ಸಾಧ್ಯ.

ಪರೀಕ್ಷಿಸುವುದು ಸುಲಭ. 2 ಓಮ್, 20 ವಾಟ್‌ನ ವೈರ್‌ವೂಂಡ್ ರೆಸಿಸ್ಟರ್ ಎರಡು ತನ್ನಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಟ್ರಾನ್ಸಿಸ್ಟರ್ ಆಂಪ್‌ನ ಪ್ರತಿ ಚಾನೆಲ್‌ನ ಪಾಸಿಟಿವ್ ತಂತಿಗೆ ಒಂದೊಂದನ್ನು ಸಾಲಾಗಿ ಜೋಡಿಸಿ. 8 ಓಮ್ ಸ್ಪೀಕರ್‌ಗೆ ಇದರಿಂದ 1.9 ಡಿಬಿ ಕಡಿಮೆಯಾಗುತ್ತದೆ, ವಾಲ್ಯೂಮ್ ಅಷ್ಟು ಏರಿಸಿ ಮಟ್ಟ ಮತ್ತೆ ಹೊಂದಿಸಿ. ಈಗ ವಾಲ್ವ್ ಆಂಪ್‌ಗೂ ಇದಕ್ಕೂ ವ್ಯತ್ಯಾಸ ಮಾಯವಾದರೆ ನಿಮಗೆ ಹಿಡಿಸಿದ್ದು ಆ 2 ಓಮ್. ಇನ್ನೂ ಉಳಿದರೆ ಹಾರ್ಮೋನಿಕ್ ಕಡೆ ಹುಡುಕಿ. ರೆಸಿಸ್ಟರ್ ಬಿಸಿಯಾಗುತ್ತದೆ, ಕಾರ್ಪೆಟ್ ಮೇಲೆ ಇಡಬೇಡಿ.

1985ರಲ್ಲಿ ಬಾಬ್ ಕಾರ್ವರ್ ಸ್ಟೀರಿಯೋಫೈಲ್ ಪತ್ರಿಕೆಯವರ ಸವಾಲು ಒಪ್ಪಿ ತನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪನ್ನು ದುಬಾರಿ ವಾಲ್ವ್ ಆಂಪ್‌ಗೆ ಹೊಂದಿಸಿದ್ದು ಇದೇ ತತ್ವದ ಮೇಲೆ. ಎರಡರ ಔಟ್‌ಪುಟ್ ಒಂದರಿಂದೊಂದು ಕಳೆದು, ಉಳಿಯುವ ಶೇಷವನ್ನು ತಗ್ಗಿಸುತ್ತ ಹೋದರು. ಕೊನೆಗೆ ಆ ಪತ್ರಿಕೆಯ ವಿಮರ್ಶಕರಿಗೆ ಯಾವುದು ಯಾವುದೆಂದು ಗುರುತಿಸಲು ಆಗಲಿಲ್ಲ.

ಕ್ಲಾಸ್ ಡಿ ಬಗ್ಗೆ ಒಂದು ಎಚ್ಚರಿಕೆ. ಅಗ್ಗದ ಬೋರ್ಡ್‌ಗಳಲ್ಲಿ ಔಟ್‌ಪುಟ್‌ನ ಕಾಯಿಲ್, ಕೆಪಾಸಿಟರ್ ಫೀಡ್‌ಬ್ಯಾಕ್ ಸುತ್ತಿನ ಹೊರಗಿರುತ್ತವೆ. ಸ್ಪೀಕರ್ ಇಂಪೀಡೆನ್ಸ್ ಹೇಗಿದೆಯೋ ಹಾಗೆ 10 ಕಿಲೋಹರ್ಟ್ಜ್ ಮೇಲೆ ಒಂದೆರಡು ಡಿಬಿ ಏರುತ್ತದೆ ಇಲ್ಲವೇ ಬೀಳುತ್ತದೆ. ಫಿಲ್ಟರ್ ಆದಮೇಲಿನ ಬಿಂದುವಿನಿಂದ ಫೀಡ್‌ಬ್ಯಾಕ್ ತೆಗೆದ ಬೋರ್ಡ್ ಆರಿಸಿ, ಅಥವಾ 4 ಓಮ್ ಮತ್ತು 8 ಓಮ್ ಎರಡಕ್ಕೂ ಅಳೆದ ಗೆರೆ ಒಂದರ ಮೇಲೊಂದು ಕೂರುತ್ತದೆಯೇ ನೋಡಿ.

ಕೇಳುಗ_ಹಾಸನ

ಮಟ್ಟ ಹೊಂದಿಸುವುದು ಅಂದರೆ ಮೊಬೈಲ್ ಆ್ಯಪ್‌ನಲ್ಲಿ ಡಿಬಿ ನೋಡಿದರೆ ಸಾಕೇ? ಆಂಪ್‌ಗಳನ್ನು ಬದಲಿಸುವ ಸ್ವಿಚ್ ಹೇಗೆ ಮಾಡಲಿ? ಸ್ಪೀಕರ್ ಹೋಲಿಸುವಾಗ ಎರಡು ಜೋಡಿಯನ್ನು ಅಕ್ಕಪಕ್ಕ ಇಡಬಹುದೇ?

ಸೋಲ್ಡರ್ ಕಡ್ಡಿ

ಆಂಪ್‌ಗೆ ಮೊಬೈಲ್ ಸಾಲದು, ಮಲ್ಟಿಮೀಟರ್ ಬೇಕು. 400 ಹರ್ಟ್ಜ್ ನಾದ ಹಾಕಿ, ಸ್ಪೀಕರ್ ಜೋಡಿಸಿಯೇ ಅದರ ಟರ್ಮಿನಲ್‌ನಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. ಒಂದು ಆಂಪ್ 2.00 ವೋಲ್ಟ್ ತೋರಿಸಿದರೆ ಇನ್ನೊಂದು 1.98ರಿಂದ 2.02ರೊಳಗೆ ಬರಲಿ, ಆಗ ವ್ಯತ್ಯಾಸ 0.1 ಡಿಬಿಯೊಳಗೆ. ಎಲ್ಲರ ಮನೆಯಲ್ಲಿರುವ ಹಳದಿ ಬಣ್ಣದ ಅಗ್ಗದ ಮೀಟರ್‌ನಲ್ಲಿ ಎಸಿಯ ಕನಿಷ್ಠ ರೇಂಜೇ 200 ವೋಲ್ಟ್, ಓದುವುದು 0.1 ವೋಲ್ಟ್ ಹೆಜ್ಜೆಯಲ್ಲಿ. 2 ವೋಲ್ಟ್‌ನಲ್ಲಿ ಒಂದು ಹೆಜ್ಜೆ ಅಂದರೆ 0.4 ಡಿಬಿ, ಅದು ಕೆಲಸಕ್ಕೆ ಬಾರದು. ಎಸಿಯಲ್ಲಿ 2 ಅಥವಾ 6 ವೋಲ್ಟ್ ರೇಂಜ್ ಇರುವ ಮೀಟರ್ ಬೇಕು. 1 ಕಿಲೋಹರ್ಟ್ಜ್ ಬಿಟ್ಟು 400 ಹರ್ಟ್ಜ್ ಹೇಳಿದ್ದಕ್ಕೂ ಕಾರಣವಿದೆ: ಸಾದಾ ಮೀಟರ್‌ಗಳ ಎಸಿ ನಿಖರತೆಯನ್ನು ಅಷ್ಟರವರೆಗೇ ಖಾತ್ರಿ ಕೊಟ್ಟಿರುತ್ತಾರೆ.

ಸ್ವಿಚ್: ಪಾಸಿಟಿವ್, ನೆಗೆಟಿವ್ ಎರಡನ್ನೂ ಬದಲಿಸಬೇಕು. ಎಷ್ಟೋ ಕ್ಲಾಸ್ ಡಿ ಆಂಪ್‌ಗಳಲ್ಲಿ ನೆಗೆಟಿವ್ ಟರ್ಮಿನಲ್ ನೆಲಕ್ಕೆ ಸೇರಿರುವುದಿಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಎರಡು ಆಂಪ್‌ನ ಕಪ್ಪು ತಂತಿ ಒಟ್ಟುಗೂಡಿಸಿದರೆ ಒಂದು ಚಾನೆಲ್ ಸುಡಬಹುದು. ವಾಲ್ವ್ ಆಂಪ್ ಲೋಡ್ ಇಲ್ಲದೆ ನುಡಿಯಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಅಪಾಯ. ಪ್ರತಿ ಚಾನೆಲ್‌ಗೆ ನಾಲ್ಕು ಪೋಲ್ ಇರುವ ಒಂದು ರಿಲೇ ಹಾಕಿ: ಎರಡು ಪೋಲ್ ಸ್ಪೀಕರನ್ನು ಒಂದು ಆಂಪ್‌ಗೆ ಸೇರಿಸುತ್ತವೆ, ಉಳಿದೆರಡು ಪೋಲ್ ಅದೇ ಹೊತ್ತಿಗೆ 8 ಓಮ್ 25 ವಾಟ್ ರೆಸಿಸ್ಟರನ್ನು ಇನ್ನೊಂದು ಆಂಪ್‌ಗೆ. ಹಳೆಯ ಸಂಪರ್ಕ ಬಿಟ್ಟ ಮೇಲೆ ಹೊಸದು ಸೇರುವ ಬಗೆಯ ರಿಲೇ ಇರಲಿ. ರಿಲೇ ಬೇಡ ಅನ್ನಿಸಿದರೆ ಹಾಡು ನಿಲ್ಲಿಸಿ, ಆಂಪ್ ಆರಿಸಿ, ಕೈಯಲ್ಲೇ ತಂತಿ ಬದಲಿಸಿ. ಆದರೆ ನಡುವೆ ಒಂದು ನಿಮಿಷ ಕಳೆದರೂ ಶಬ್ದದ ಸೂಕ್ಷ್ಮ ನೆನಪು ಉಳಿಯುವುದಿಲ್ಲ, ದೊಡ್ಡ ವ್ಯತ್ಯಾಸ ಮಾತ್ರ ಸಿಗುತ್ತದೆ.

ಎಷ್ಟು ಸಲ ಕೇಳಬೇಕು? ಬದಲಿಸುವವರು ನಾಣ್ಯ ಚಿಮ್ಮಿ ಕ್ರಮ ಬರೆದಿಟ್ಟುಕೊಳ್ಳಲಿ, ಕೇಳುವವರಿಗೆ ಅವರ ಮುಖವೂ ಕಾಣಬಾರದು. 16 ಸಲದಲ್ಲಿ 12 ಸರಿಯಾದರೆ ಬರೀ ಅದೃಷ್ಟದಿಂದ ಹಾಗಾಗುವ ಸಂಭವ ಶೇ 3.8. ಹತ್ತರಲ್ಲಿ ಎಂಟು ಸರಿ ಅಂತ ಖುಷಿಪಡಬೇಡಿ, ಅದಕ್ಕೆ ಶೇ 5.5. ಹತ್ತರಲ್ಲಿ ಒಂಬತ್ತಾದರೆ ಶೇ 1.

ತಂಬೂರಿ ಶ್ರುತಿ

ಅದಕ್ಕೆ ಒಂದು ಮಾತು ಸೇರಿಸಬೇಕು. 16ಕ್ಕೆ 9 ಬಂದರೆ 'ಎರಡೂ ಒಂದೇ' ಅಂತ ಸಾಬೀತಾಗಲಿಲ್ಲ. ಆ ಹಾಡಿನಲ್ಲಿ, ಆ ಕೋಣೆಯಲ್ಲಿ, ಆ ಹೊತ್ತಿಗೆ ಕೇಳಿಸಲಿಲ್ಲ ಅಷ್ಟೇ. ಏನು ಕೇಳಬೇಕೆಂದು ಗೊತ್ತಿಲ್ಲದೆ ಕೂತವರಿಗೆ ಏನೂ ಕೇಳಿಸುವುದಿಲ್ಲ. ಮೊದಲು ಹೆಸರು ಕಾಣುವಂತೆಯೇ ನಿಧಾನ ಕೇಳಿ, ವ್ಯತ್ಯಾಸ ಅನ್ನಿಸಿದ ಹತ್ತು ಸೆಕೆಂಡಿನ ತುಣುಕು ಗುರುತಿಸಿಕೊಳ್ಳಿ, ಆಮೇಲೆ ಪರದೆ ಹಾಕಿ ಆ ತುಣುಕನ್ನೇ ಕೇಳಿ.

ಗ್ರಾಫ್‌ಪೇಪರ್

ಒಪ್ಪಿದೆ. ಆ ತಯಾರಿ ಇಲ್ಲದ ಪರೀಕ್ಷೆ ಇಬ್ಬರ ಹೊತ್ತನ್ನೂ ಹಾಳುಮಾಡುತ್ತದೆ.

ಸ್ಪೀಕರ್ ಹೋಲಿಕೆಗೆ: ಎರಡು ಜೋಡಿಯಿಂದ ಒಂದೊಂದನ್ನೇ ತೆಗೆದುಕೊಳ್ಳಿ, ಅಕ್ಕಪಕ್ಕ ಇಟ್ಟು ಮೋನೋದಲ್ಲಿ ಕೇಳಿ. ಮೋನೋದಲ್ಲಿ ದೋಷ ಬೇಗ ಬಯಲಾಗುತ್ತದೆ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಮಟ್ಟಕ್ಕೆ 500 ಹರ್ಟ್ಜ್‌ನಿಂದ 2 ಕಿಲೋಹರ್ಟ್ಜ್‌ಗೆ ಸೀಮಿತವಾದ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಜಲಪಾತದಂಥ ಸದ್ದು) ಹಾಕಿ, ಕೂರುವ ಜಾಗದಲ್ಲಿ ಮೈಕ್ ಇಟ್ಟು ಅರ್ಧ ಡಿಬಿಯೊಳಗೆ ತನ್ನಿ. ಒಂದು ಸುತ್ತು ಆದಮೇಲೆ ಎರಡರ ಜಾಗ ಅದಲುಬದಲು ಮಾಡಿ. ಇದನ್ನು ಬಿಟ್ಟರೆ ನೀವು ಸ್ಪೀಕರನ್ನು ಮೆಚ್ಚಿದಿರೋ ಕೋಣೆಯ ಆ ಮೂಲೆಯನ್ನು ಮೆಚ್ಚಿದಿರೋ ತಿಳಿಯುವುದಿಲ್ಲ.

ಪರದೆಗೆ ಕಪ್ಪು ಸೊಳ್ಳೆಪರದೆ ಬಟ್ಟೆ ಎರಡು ಪದರ ಸಾಕು. ಬಾಯಿಂದ ಊದಿದರೆ ಗಾಳಿ ಸಲೀಸಾಗಿ ದಾಟಬೇಕು, ಆಗ ಶಬ್ದವೂ ದಾಟುತ್ತದೆ. ದೀಪ ನಿಮ್ಮ ಕಡೆ ಇರಲಿ, ಪರದೆಯ ಹಿಂದೆ ಕತ್ತಲೆ.

ಪರದೆ ಅನಗತ್ಯ ಅನ್ನುವವರಿಗೆ: 1994ರಲ್ಲಿ ಟೂಲ್ ಮತ್ತು ಆಲಿವ್ 40 ಜನರಿಗೆ ಅದೇ ಸ್ಪೀಕರ್‌ಗಳನ್ನು ಪರದೆ ಹಾಕಿಯೂ ಹಾಕದೆಯೂ ಕೇಳಿಸಿದರು. ಕಣ್ಣಿಗೆ ಕಂಡಾಗ ದೊಡ್ಡವು ಮೇಲೇರಿದವು, ಸಣ್ಣ ಅಗ್ಗದ್ದು ಕೆಳಗಿಳಿಯಿತು. ಅದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಫಲಿತಾಂಶ: ಸ್ಪೀಕರ್‌ನ ಜಾಗ ಬದಲಿಸಿದಾಗ, ಹಾಡು ಬದಲಿಸಿದಾಗ ಶಬ್ದದಲ್ಲಿ ಆದ ನಿಜವಾದ ಬದಲಾವಣೆಯನ್ನು ಪರದೆ ಇದ್ದಾಗ ಜನ ಚೆನ್ನಾಗಿ ಗುರುತಿಸಿದರು, ಕಣ್ಣಿಗೆ ಕಂಡಾಗ ಅದರ ಕಡೆ ಗಮನವೇ ಕಡಿಮೆಯಾಯಿತು. ಪರದೆ ಕಿವಿಯ ಸೂಕ್ಷ್ಮತೆಯನ್ನು ಹೆಚ್ಚಿಸುತ್ತದೆ.

ಮೂಲೆ ಬಾಸ್

ಎಲ್ಲರೂ ಡಬ್ಬದ ಬಗ್ಗೆ ಮಾತಾಡುತ್ತಿದ್ದೀರಿ. ಸುಮಾರು 250 ಹರ್ಟ್ಜ್ ಕೆಳಗೆ ಈ ಕೋಣೆಯೇ ಸ್ಪೀಕರ್.

14 ಅಡಿ ಉದ್ದಕ್ಕೆ ಮೊದಲ ಅನುರಣನ (ಕೋಣೆಯೇ ದನಿಗೂಡಿಸುವ ಆವರ್ತನ) 40 ಹರ್ಟ್ಜ್, 12 ಅಡಿ ಅಗಲಕ್ಕೆ 47, 10 ಅಡಿ ಎತ್ತರಕ್ಕೆ 56. ಸೋಫಾ ಹಿಂಗೋಡೆಗೆ ಒರಗಿದೆ ಅಂದಿರಿ, ಆ ಜಾಗದಲ್ಲಿ 40 ಹರ್ಟ್ಜ್ ಅತಿ ಜೋರು. ಸ್ಪೀಕರ್‌ನ ಗ್ರಾಫ್ ಎಷ್ಟೇ ನೇರವಿರಲಿ, ಅಲ್ಲಿ ಕೂತರೆ 8–10 ಡಿಬಿ ಉಬ್ಬು ಸಿಗುವುದು ಸಾಮಾನ್ಯ. ಸೋಫಾ ಎರಡಡಿ ಮುಂದೆ ಎಳೆದರೆ ಖರ್ಚಿಲ್ಲದೆ ಅರ್ಧ ಕೆಲಸ ಆಗುತ್ತದೆ. ನಡುಮಧ್ಯಕ್ಕೆ ಮಾತ್ರ ಬರಬೇಡಿ, ಅಲ್ಲಿ ಅದೇ 40 ಹರ್ಟ್ಜ್ ಸತ್ತೇ ಹೋಗುತ್ತದೆ.

ಎರಡನೆಯದು ಸ್ಪೀಕರ್ ಹಿಂದಿನ ಗೋಡೆ. ವೂಫರ್‌ನಿಂದ ಗೋಡೆಗೆ 60 ಸೆಂಮೀ ಇದ್ದರೆ ಹಿಂದೆ ಹೋಗಿ ತಿರುಗಿ ಬಂದ ಶಬ್ದ 143 ಹರ್ಟ್ಜ್ ಆಸುಪಾಸು ನೇರ ಶಬ್ದವನ್ನು ಹೊಡೆದುಹಾಕುತ್ತದೆ. ಮೃದಂಗದ ತೊಪ್ಪಿಯ ತೂಕ, ಗಂಡು ದನಿಯ ಎದೆಭಾಗ ಎರಡೂ ಅಲ್ಲೇ. ಈ ತಗ್ಗನ್ನು ಈಕ್ವಲೈಜರ್‌ನಿಂದ ತುಂಬಲು ಹೋಗಬೇಡಿ, ಎಷ್ಟು ಸುರಿದರೂ ಅಷ್ಟೇ ಪ್ರಮಾಣದಲ್ಲಿ ತಿರುಗಿ ಬಂದು ಹೊಡೆಯುತ್ತದೆ, ಆಂಪ್‌ಗೆ ಮಾತ್ರ ಭಾರ. ಸ್ಪೀಕರ್ ಸರಿಸುವುದೊಂದೇ ದಾರಿ. ಗೋಡೆಗೆ ಹತ್ತಿರ ತಂದರೆ ತಗ್ಗು ಮೇಲಿನ ಆವರ್ತನಕ್ಕೆ ಹೋಗುತ್ತದೆ. ಅಲ್ಲಿ ಡಬ್ಬವೇ ಶಬ್ದವನ್ನು ಮುಂದಕ್ಕೆ ಕಳಿಸಲು ಶುರುಮಾಡಿರುವುದರಿಂದ ಪೆಟ್ಟು ಕಡಿಮೆ. ಬಾಸ್ ಹೆಚ್ಚುತ್ತದೆ, ಅದನ್ನು ಇಳಿಸುವುದು ಸುಲಭ.

ಅಳೆಯುವ ಕ್ರಮ: ಆರ್‌ಇಡಬ್ಲ್ಯು (ರೂಮ್ ಇಕ್ಯು ವಿಝಾರ್ಡ್) ಎಂಬ ಅಳೆಯುವ ತಂತ್ರಾಂಶ ಉಚಿತ, ಯುಮಿಕ್-1 ಥರದ ಯುಎಸ್‌ಬಿ ಮೈಕ್ ಬೇಕು. ಮೈಕ್‌ನ ಸರಣಿ ಸಂಖ್ಯೆಗೆ ಕೊಟ್ಟ ಕ್ಯಾಲಿಬ್ರೇಷನ್ ಫೈಲ್ ಹಾಕಿ. ಮೈಕ್ ಸ್ಪೀಕರ್ ಕಡೆ ನೋಡುತ್ತಿದ್ದರೆ 0 ಡಿಗ್ರಿ ಫೈಲ್, ತಾರಸಿ ನೋಡುತ್ತಿದ್ದರೆ 90 ಡಿಗ್ರಿ ಫೈಲ್. ಇದು ಅದಲುಬದಲಾದರೆ ಟ್ರೆಬಲ್ ಗೆರೆ ಸುಳ್ಳು ಹೇಳುತ್ತದೆ. ಫ್ಯಾನ್ ಆರಿಸಿ. ಸ್ವೀಪ್ (ತಗ್ಗಿನಿಂದ ಮೇಲೇರುವ ಪರೀಕ್ಷಾ ನಾದ) 20ರಿಂದ 20,000 ಹರ್ಟ್ಜ್, ಉದ್ದ 256ಕೆ, ಕೂರುವ ಜಾಗದಲ್ಲಿ 75–80 ಡಿಬಿ. ಎಡ, ಬಲ ಬೇರೆ ಬೇರೆ, ತಲೆ ಬರುವ ಜಾಗದ ಸುತ್ತ ಐದು ಕಡೆ ಅಳೆದು ಸರಾಸರಿ ತೆಗೆಯಿರಿ. 300 ಹರ್ಟ್ಜ್ ಕೆಳಗೆ ಸ್ಮೂದಿಂಗ್ (ಗೆರೆ ನಯಮಾಡುವುದು) ಬೇಡ. ಲಂಬ ಅಕ್ಷದಲ್ಲಿ ಒಟ್ಟು 50 ಡಿಬಿ ಕಾಣಲಿ. 100 ಡಿಬಿ ಅಕ್ಷದಲ್ಲಿ ಹೊಂಡವೂ ರಸ್ತೆಯಂತೆ ಕಾಣುತ್ತದೆ.

ಆಮೇಲೆ ಎದ್ದ ಉಬ್ಬುಗಳನ್ನು ಮಾತ್ರ ಕತ್ತರಿಸಿ. ಉದಾಹರಣೆಗೆ 41 ಹರ್ಟ್ಜ್, −8 ಡಿಬಿ, ಕ್ಯೂ (ಹೆಚ್ಚಿದಷ್ಟೂ ಕಿರಿದಾದ ಕತ್ತರಿ) 5. 500 ಹರ್ಟ್ಜ್ ಮೇಲೆ ಕೋಣೆಯ ಅಳತೆ ನೋಡಿ ಏನನ್ನೂ ತಿದ್ದಬೇಡಿ, ಅಲ್ಲಿ ಸ್ಪೀಕರ್‌ನ ಸ್ಪಿನೋರಾಮಾವೇ ಸರಿಯಾದ ಆಧಾರ. ಬಾಸ್ ಪೂರ್ತಿ ಚಪ್ಪಟೆ ಮಾಡಿದರೆ ಪೇಲವ ಅನ್ನಿಸುತ್ತದೆ, 100 ಹರ್ಟ್ಜ್ ಕೆಳಗೆ 4–5 ಡಿಬಿ ಮೇಲೇ ಬಿಡಿ. ಎಷ್ಟು ಬಿಡಬೇಕೆಂದು ಹೇಳುವುದು ಕಿವಿ, ಏಕೆಂದರೆ ಮೆಲ್ಲಗೆ ಕೇಳುವವರಿಗೆ ಹೆಚ್ಚು ಬೇಕು, ಜೋರಾಗಿ ಕೇಳುವವರಿಗೆ ಕಡಿಮೆ.

ಮಿಲ್ಪಿಟಾಸ್ ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಕೂತು ಬರೆದ ವಿಮರ್ಶೆಗಳನ್ನು ಓದುವಾಗ ಒಂದು ಅಂಶ ನೆನಪಿಡಿ. ಇಲ್ಲಿನ ಮನೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದವು. ಕಡಿಮೆ ಆವರ್ತನದಲ್ಲಿ ಗೋಡೆಯೇ ಅಲುಗಿ ಬಾಸ್‌ನ ಒಂದು ಪಾಲನ್ನು ಕುಡಿದುಬಿಡುತ್ತದೆ, ನೆಲಕ್ಕೆ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಊರಿನ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ ಅಲುಗುವುದಿಲ್ಲ. ಇಲ್ಲಿ 'ಬಾಸ್ ಹದವಾಗಿದೆ' ಅಂತ ಬರೆದ ಪೋರ್ಟ್ (ಬಾಸ್‌ಗಾಗಿ ಡಬ್ಬಕ್ಕೆ ಕೊಟ್ಟ ರಂಧ್ರ) ಇರುವ ಸ್ಪೀಕರ್ ಅಲ್ಲಿ ಗುಂಯ್‌ಗುಡುವುದು ಇದಕ್ಕೇ. ವಿಮರ್ಶಕರ ಕಿವಿ ಸರಿಯಾಗಿಯೇ ಇರುತ್ತದೆ, ಕೋಣೆ ಬೇರೆ.

ಅಂಥದ್ದಕ್ಕೆ ಪೋರ್ಟ್‌ಗೆ ಸ್ಪಂಜಿನ ಬೆಣೆ ಅಥವಾ ಸುತ್ತಿದ ಕಾಲುಚೀಲ ತುರುಕಿ ನೋಡಿ. ಆಕ್ಟೇವ್‌ಗೆ 24 ಡಿಬಿಯಂತೆ ಕಡಿದು ಬೀಳುತ್ತಿದ್ದ ಬಾಸ್ ಸುಮಾರು 12 ಡಿಬಿಯಂತೆ ಮೆಲ್ಲಗೆ ಇಳಿಯುತ್ತದೆ, ಕೋಣೆಯ ಏರಿಕೆಯೊಂದಿಗೆ ಒಗ್ಗುತ್ತದೆ.

ಮೂಲೆ ಬಾಸ್

ಹೌದು, ಟ್ರೆಬಲ್ ಕಡೆಯೂ ಅದೇ ಕಥೆ. ಚಪ್ಪಾಳೆ ತಟ್ಟಿದಾಗ ಝಣ್ ಅಂತ ಬಾಲ ಕೇಳಿಸಿದರೆ ಅನುರಣನ ಕಾಲ (ಶಬ್ದ ನಿಂತ ಮೇಲೂ ಅದರ ಮೊಳಗು ಉಳಿಯುವ ಹೊತ್ತು) ಹೆಚ್ಚಿದೆ. 0.3–0.5 ಸೆಕೆಂಡಿಗೆ ಇಳಿಸಬೇಕು. ತೆಳು ಜಮಖಾನ ಹಾಸಿದರೆ ಟ್ರೆಬಲ್ ಮಾತ್ರ ಇಳಿದು ನಡುಭಾಗ ಹಾಗೇ ಮೊಳಗುತ್ತದೆ, ಕೇಳಲು ಇನ್ನೂ ಮಂಕು. ಒಂದಿಂಚಿನ ಫೋಮ್ ಚೌಕಗಳದ್ದೂ ಅದೇ ಹಣೆಬರಹ. ಕಿಲೋ ಲೆಕ್ಕದಲ್ಲಿ ಘನಮೀಟರ್‌ಗೆ 48 ಸಾಂದ್ರತೆಯ ರಾಕ್‌ವುಲ್, 100 ಮಿಮೀ ದಪ್ಪ, ಮರದ ಚೌಕಟ್ಟಿಗೆ ಹಾಕಿ ಹತ್ತಿಬಟ್ಟೆ ಹೊದಿಸಿ ಪಕ್ಕದ ಗೋಡೆಯ ಮೊದಲ ಪ್ರತಿಫಲನದ ಜಾಗಕ್ಕೆ ನೇತುಹಾಕಿ. ಜಾಗ ಹುಡುಕಲು ಗೋಡೆಗುಂಟ ಕನ್ನಡಿ ಸರಿಸಿ, ಕೂತಲ್ಲಿಂದ ಟ್ವೀಟರ್ ಎಲ್ಲಿ ಕಾಣುತ್ತದೋ ಅದೇ. ರಾಕ್‌ವುಲ್ ಮುಟ್ಟುವಾಗ ಮಾಸ್ಕ್, ಕೈಗವಸು ಬೇಕೇ ಬೇಕು.

ತಂಬೂರಿ ಶ್ರುತಿ

ಏನು ಹಾಕಿ ಕೇಳಬೇಕೆಂಬುದನ್ನು ಯಾರೂ ಹೇಳಿಲ್ಲ. ಅಂಗಡಿಗಳಲ್ಲಿ ಹಾಕುವುದು ಒಂಟಿ ಹೆಣ್ಣುದನಿ, ಒಂದು ಗಿಟಾರ್. ಎಲ್ಲ ಸ್ಪೀಕರ್‌ನಲ್ಲೂ ಅದು ಚೆನ್ನಾಗಿಯೇ ಕೇಳಿಸುತ್ತದೆ. ಆಲಿವ್ ಅವರ ಪ್ರಯೋಗಗಳಲ್ಲೂ ದೋಷ ಹಿಡಿಯಲು ಒಂಟಿ ವಾದ್ಯಗಳು ದುರ್ಬಲ, ಪಿಂಕ್ ನಾಯ್ಸ್ ಮತ್ತು ವಾದ್ಯಗಳು ತುಂಬಿದ ಹಾಡುಗಳು ಸಮರ್ಥ ಅಂತಲೇ ಬಂದಿದೆ. ಅಂಗಡಿಯಲ್ಲಿ ಪಿಂಕ್ ನಾಯ್ಸ್ ಹಾಕಲು ಕೇಳಿ, ಮುಜುಗರ ಬೇಡ. ಒಳ್ಳೆಯ ಸ್ಪೀಕರ್‌ನಲ್ಲಿ ಅದು ದೂರದ ಜಲಪಾತದ ಹಾಗೆ ಒಂದೇ ಹದ. ಅದರೊಳಗೆ 'ಓ' ಅಥವಾ 'ಆ' ಅನ್ನುವ ಸ್ವರದ ಬಣ್ಣ ಕೇಳಿಸಿದರೆ ನಡುಭಾಗದಲ್ಲಿ ಅನುರಣನ ಇದೆ.

ನಮ್ಮ ಸಂಗೀತದಲ್ಲಿ ತಂಬೂರಿಯೇ ಅತ್ಯುತ್ತಮ ಪರೀಕ್ಷೆ. ಜೀವಾಳದ ದಾರ ಸರಿಯಾಗಿ ಕೂತ ತಂಬೂರಿಯ ಒಂದು ತಂತಿ ಮೀಟಿದಾಗ ಮೇಲಿನ ಅಂಶಸ್ವರಗಳು ಒಂದರ ಹಿಂದೊಂದು ಅರಳಿ ಇಳಿಯುತ್ತವೆ. ಸ್ಪೀಕರ್‌ನಲ್ಲಿ ಸಣ್ಣ ಅನುರಣನ ಇದ್ದರೆ ಆ ಇಳಿಜಾರಿನಲ್ಲಿ ಒಂದು ಸ್ವರ ಮಾತ್ರ ಸಿಕ್ಕಿಕೊಂಡು ನಿಲ್ಲುತ್ತದೆ, ಪ್ರತಿ ಮೀಟಿಗೂ ಅದೇ ಜಾಗದಲ್ಲಿ. ಸ್ಥಿರವಾಗಿ ನಿಮಿಷಗಟ್ಟಲೆ ನುಡಿಯುವುದರಿಂದ ಹೋಲಿಸಲೂ ಸುಲಭ.

ಕಿವಿಗೆ ಅನ್ನಿಸಿದ್ದನ್ನು ಆವರ್ತನಕ್ಕೆ ಇಳಿಸಿಕೊಳ್ಳಿ. ಡಬ್ಬದೊಳಗಿಂದ ಹಾಡಿದಂತಿದ್ದರೆ 200–500 ಹರ್ಟ್ಜ್, ಮೂಗಿನಲ್ಲಿ ಹಾಡಿದಂತಿದ್ದರೆ 800–1,500, ಚುಚ್ಚಿದರೆ 2–5 ಕಿಲೋಹರ್ಟ್ಜ್, 'ಸ' 'ಷ' ಸೀಳಿದರೆ 5–9. ಈಕ್ವಲೈಜರ್‌ನಲ್ಲಿ ಆ ಭಾಗ 3 ಡಿಬಿ ಇಳಿಸಿ ನೋಡಿ, ತೊಂದರೆ ಹೋದರೆ ಊಹೆ ಸರಿ. ಗ್ರಾಫ್ ಓದುವ ಗೆಳೆಯರ ಜೊತೆ ಮಾತಾಡಲು ಈ ಅಭ್ಯಾಸ ಬೇಕು. 'ಭಾವ ಇಲ್ಲ' ಅಂದರೆ ಅವರು ಎಲ್ಲಿ ಹುಡುಕಬೇಕು?

ಇನ್ನು ಕಿವಿಯೇ ಮೊದಲು ಹಿಡಿಯುವ ದೋಷಗಳಿವೆ. 40 ಹರ್ಟ್ಜ್ ಬಂದಾಗ ಕಿಟಕಿಯ ಗ್ರಿಲ್ ಅದುರುವುದು, ಪೋರ್ಟ್‌ನಲ್ಲಿ ಗಾಳಿ ಬುಸುಗುಡುವುದು, ರಾತ್ರಿ ನಿಶ್ಶಬ್ದದಲ್ಲಿ ಟ್ವೀಟರ್‌ನ ಹಿಸ್. ಆವರ್ತನದ ಗೆರೆಯಲ್ಲಿ ಇವು ಕಾಣುವುದಿಲ್ಲ.

ಸೋಲ್ಡರ್ ಕಡ್ಡಿ

ಹಮ್ ಕೂಡ. ಗುಂ ಅನ್ನುವ 50 ಹರ್ಟ್ಜ್ ಆದರೆ ಅರ್ತ್ ಲೂಪ್ ಅಥವಾ ಟ್ರಾನ್ಸ್‌ಫಾರ್ಮರ್ ಹತ್ತಿರದ ತಂತಿ. ಝರ್ ಅನ್ನುವ 100 ಹರ್ಟ್ಜ್ ಆದರೆ ಆಂಪ್‌ನ ಪವರ್ ಸಪ್ಲೈನ ಕೆಪಾಸಿಟರ್ ಸೋತಿರಬಹುದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಹಮ್ ನಿಂತರೆ ಆ ಚಾರ್ಜರೇ ಕಾರಣ.

ಡ್ಯಾಕ್ (ಡಿಜಿಟಲ್ ಫೈಲನ್ನು ಸಿಗ್ನಲ್ ಮಾಡುವ ಸಾಧನ) ಮತ್ತು ಕೇಬಲ್ ಬಗ್ಗೆ ಬೇಗ ಮುಗಿಸುತ್ತೇನೆ. ಸಿಡಿಯ 16 ಬಿಟ್‌ನ ಮಿತಿ 98 ಡಿಬಿ, ಹಳೆಯ ಕಛೇರಿ ಟೇಪ್‌ಗಳ ಹಿಸ್ 60 ಡಿಬಿ ಆಸುಪಾಸು. 110 ಮತ್ತು 120 ಸಿನಾಡ್ ಡ್ಯಾಕ್ ನಡುವೆ ಹಣ ಸುರಿಯಬೇಡಿ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಸ್‌ಎಸಿಡಿ (ಸಿಡಿಗಿಂತ ಹೆಚ್ಚು ಸೂಕ್ಷ್ಮದ ಡಿಸ್ಕ್) ಔಟ್‌ಪುಟನ್ನು ನೇರವಾಗಿಯೂ 16 ಬಿಟ್ ಸುತ್ತಿನ ಮೂಲಕವೂ ಕೇಳಿಸಿದಾಗ 554 ಉತ್ತರಗಳಲ್ಲಿ 276 ಸರಿ, ನಾಣ್ಯ ಚಿಮ್ಮಿದಷ್ಟೇ. ಕೇಬಲ್‌ಗೆ 2.5 ಚದರ ಮಿಮೀ ತಾಮ್ರದ ತಂತಿ, 5 ಮೀಟರ್‌ಗೆ ಹೋಗಿಬರುವ ರೋಧ ಸುಮಾರು 0.08 ಓಮ್, ಸಾಕು.

ಪವರ್: 85 ಡಿಬಿ ಸ್ಪೀಕರ್ 3 ಮೀಟರ್‌ನಲ್ಲಿ 1 ವಾಟ್‌ಗೆ 75.5, ಎರಡು ಸ್ಪೀಕರ್‌ಗೆ 3 ಸೇರಿಸಿ, ಕೋಣೆಗೆ ಇನ್ನೊಂದು 3. 81.5 ಆಯಿತು. ಮೃದಂಗದ ತನಿಯಲ್ಲಿ 100 ಡಿಬಿ ಶಿಖರ ಬೇಕೆಂದರೆ 18.5 ಡಿಬಿ ಮೇಲೆ, ಅಂದರೆ ಚಾನೆಲ್‌ಗೆ ಸುಮಾರು 70 ವಾಟ್. ನೀವು ಹೇಳುವ ವಾಲ್ವ್ ಆಂಪ್ 20–30 ವಾಟ್‌ನದಾದರೆ 'ಎ' ಜೊತೆ ಆ ಶಿಖರಗಳಲ್ಲಿ ಚಪ್ಪಟೆಯಾಗುತ್ತದೆ.

ಕೇಳುಗ_ಹಾಸನ

ಹಾಗಾದರೆ 'ಎ', 80 ವಾಟ್ ಮೇಲಿನ ಕ್ಲಾಸ್ ಡಿ, ಮೈಕ್, ರಾಕ್‌ವುಲ್. ಮೊದಲ ವಾರ ಸ್ಪೀಕರ್ ಹದಕ್ಕೆ ಬರಲು ಬಿಡಬೇಕು ಅನ್ನುತ್ತಾರೆ, ಅಲ್ಲಿಯವರೆಗೆ ಅಳೆಯುವುದು ಬೇಡವೇ?

ಗ್ರಾಫ್‌ಪೇಪರ್

ಮೊದಲ ದಿನವೇ ಅಳೆದು ಫೈಲ್ ಉಳಿಸಿ. ವೂಫರ್‌ನ ಅಂಚು ಸಡಿಲವಾಗಿ ಅನುರಣನ ಒಂದೆರಡು ಹರ್ಟ್ಜ್ ಇಳಿಯಬಹುದು, ಡಬ್ಬದಲ್ಲಿ ಕೂತಾಗ ಅದರ ಪರಿಣಾಮ ಅತ್ಯಲ್ಪ. ಮುಖ್ಯವಾಗಿ, ಎಡ ಮತ್ತು ಬಲ ಸ್ಪೀಕರನ್ನು ಒಂದೇ ಸ್ಟ್ಯಾಂಡ್ ಮೇಲೆ ಒಂದಾದಮೇಲೊಂದು ಇಟ್ಟು, ಮೈಕ್ ಒಂದು ಮೀಟರ್ ದೂರದಲ್ಲಿ ಅಲುಗಿಸದೆ ಅಳೆಯಿರಿ. 500 ಹರ್ಟ್ಜ್ ಮೇಲೆ ಎರಡೂ ಗೆರೆ 1 ಡಿಬಿಯೊಳಗೆ ಹೊಂದಬೇಕು. 2–3 ಡಿಬಿ ಬೇರೆಯಾದರೆ ಒಂದರಲ್ಲಿ ಟ್ವೀಟರ್ ಅಥವಾ ಕ್ರಾಸ್‌ಓವರ್ ಭಾಗ ದೋಷಪೂರಿತ. ಒಂದು ತಿಂಗಳು 'ಹದಕ್ಕೆ ಬರಲಿ' ಅಂತ ಕಾದರೆ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ.

ತಂಬೂರಿ ಶ್ರುತಿ

ಅದೇ ದಿನ ಮೋನೋ ಹಾಡೊಂದನ್ನು ಎರಡರಲ್ಲೂ ಒಟ್ಟಿಗೆ ಹಾಕಿ ನಡುವೆ ಕೂತು ಕೇಳಿ. ಹಳೆಯ ಚಿತ್ರಗೀತೆಗಳು ಬಹುಪಾಲು ಮೋನೋ, ನಿಮ್ಮ ಬಳಿ ಬೇಕಾದಷ್ಟಿವೆ. ದನಿ ಎರಡರ ನಡುಮಧ್ಯೆ ಒಂದು ಬಿಂದುವಿನಲ್ಲಿ ನಿಲ್ಲಬೇಕು. ದನಿಗೆ ಜಾಗವೇ ಇಲ್ಲದೆ ಹರಡಿಕೊಂಡು ಬಾಸ್ ತೆಳುವಾಗಿದ್ದರೆ ಒಂದು ಕಡೆ ತಂತಿ ಉಲ್ಟಾ ಆಗಿದೆ. 'ಸ' ಬಂದಾಗ ಮಾತ್ರ ದನಿ ಒಂದು ಪಕ್ಕಕ್ಕೆ ಜಾರಿದರೆ ಗ್ರಾಫ್‌ಪೇಪರ್ ಹೇಳಿದ ಟ್ವೀಟರ್ ದೋಷವೇ. ಮೈಕ್ ಬರುವುದು ತಡವಾದರೂ ಈ ಪರೀಕ್ಷೆ ತಡಮಾಡಬೇಡಿ.